ಅಕ್ಕನ ಕಲ್ಲಿನ ನೆರಳು ಹಿಡಿಯಲು ಒಮಾನಿಗೆ

ಸೇಡಂ: ಹೊರಡುವ ಮುಂಚೆ

ಈ ಪ್ರವಾಸಕ್ಕೆ ಮುಂಚೆ ನಾನು ಕಂಡಿದ್ದ ಪರದೇಶವೆಂದರೆ ತಾಂಡೂರು. ಅದು ಸೇಡಂ ದಾಟಿ ಗಡಿಯಾಚೆ ಹೋದರೆ ಸಿಗುವ ಪಕ್ಕದ ರಾಜ್ಯದ ಊರು, ಹೋದದ್ದೂ ಒಂದು ಲಗ್ನಕ್ಕೆ. ಶಹಾಬಾದಿನಲ್ಲಿ ಖಡಕ್ ರೊಟ್ಟಿ ಬಡಿದು ಮಾರುವವಳಿಗೆ ಪಾಸ್‌ಪೋರ್ಟ್ ಯಾತಕ್ಕೆ? ಆದರೆ ಅಕ್ಕನೆಂಬುವಳು ಹಟ ಹಿಡಿದರೆ ಪಾಸ್‌ಪೋರ್ಟೂ ಬರುತ್ತದೆ, ವೀಸಾವೂ ಬರುತ್ತದೆ, ಗಂಡ ತನ್ನ ಚಹಾ ತಾನೇ ಕಾಸಿಕೊಳ್ಳುವುದನ್ನೂ ಕಲಿಯುತ್ತಾನೆ.

ನನ್ನ ಅಕ್ಕ ನೀಲಮ್ಮ ಸೇಡಂನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಉಳಿದವರು ನಿವೃತ್ತಿಯಾದ ಮೇಲೆ ಮಾಳಿಗೆಯ ಮೇಲೆ ಇನ್ನೊಂದು ಅಂತಸ್ತು ಏರಿಸುತ್ತಾರೆ. ಇವಳು ದುರ್ಬೀನು ಏರಿಸಿದಳು. ಅದಕ್ಕೆ ಕ್ಯಾಮೆರಾ ಹಚ್ಚಿ, ಕೆಳಗೆ ಬಂದು ಕಂಪ್ಯೂಟರಿನ ಮುಂದೆ ಕೂತು, ಎಷ್ಟೋ ವರ್ಷಗಳಿಂದ ಒಂದೇ ಒಂದು ಕಲ್ಲಿನ ಬೆನ್ನು ಹತ್ತಿದ್ದಾಳೆ. ಮಂಗಳ ಗ್ರಹಕ್ಕೂ ಗುರು ಗ್ರಹಕ್ಕೂ ನಡುವೆ ಲಕ್ಷಗಟ್ಟಲೆ ಕಲ್ಲುಗಳು ಸೂರ್ಯನನ್ನು ಸುತ್ತುತ್ತವಂತೆ. ಅವುಗಳಲ್ಲಿ ಇದೊಂದು ಸಣ್ಣ ಕ್ಷುದ್ರಗ್ರಹ. ಸೇಡಂ ಪಟ್ಟಣಕ್ಕೆ ಸುತ್ತಲಿನ ಹೊಲ ಸೇರಿಸಿದರೆ ಎಷ್ಟೋ ಅಷ್ಟು ದೊಡ್ಡದು. ಹೆಸರೂ ಇಲ್ಲ, ಬರೀ ನಂಬರು.

"ಕಲ್ಲು ನೋಡ್ಲಿಕ್ಕಿ ಮಾಳಗಿ ಯಾಕ ಹತ್ತತಿ? ಶಹಾಬಾದಿಗಿ ಬಾ, ಅಂಗಳದಾಗೇ ತೋರಸ್ತೀನಿ," ಅಂದಿದ್ದೆ ನಾನು.

ಅಕ್ಕ ನಗಲಿಲ್ಲ. ಆ ಕಲ್ಲು ತಿರುಗುತ್ತಾ ಇರುವುದರಿಂದ ಅದರ ಬೆಳಕು ಏರುತ್ತದೆ, ಇಳಿಯುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅಕ್ಕನಿಗೆ ಕಂಡದ್ದು ಅದರಾಚೆಗಿನ ಒಂದು ಪುಟ್ಟ ಇಳಿತ. ಆಗಾಗ, ಲೆಕ್ಕ ತಪ್ಪದೆ, ಯಾರೋ ದೀಪದ ಮುಂದೆ ಹಾದುಹೋದ ಹಾಗೆ ಬೆಳಕು ಸ್ವಲ್ಪ ಕುಗ್ಗಿ ಮತ್ತೆ ಸರಿಹೋಗುತ್ತಿತ್ತು.

"ಅದಕ್ಕ ಒಂದು ಮರಿ ಅದ, ಸುವ್ವಿ. ನಮ್ಮ ಆಡಕಿ ಊರಷ್ಟು ಇರಬೇಕು. ದೊಡ್ಡ ಕಲ್ಲಿನ ಸುತ್ತ ತಿರಗ್ಲಿಕತ್ತದ."

ಈ ಸುದ್ದಿಯನ್ನು ಅವಳು ಇಂಥ ಕಲ್ಲುಗಳನ್ನೇ ನೋಡುವ ಒಂದು ವಿದೇಶಿ ಹವ್ಯಾಸಿ ಬಳಗಕ್ಕೆ ತಿಳಿಸಿದಳು. ಬಹಳ ವಿನಯದ ಉತ್ತರ ಬಂತು: ನೀವಿರುವ ಊರಿನ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ, ಗಾಳಿಯಲ್ಲಿ ಧೂಳಿದೆ, ನಿಮಗೆ ಕಂಡ ಇಳಿತ ಧೂಳಿನದ್ದಿರಬಹುದು. ಬೈದಿದ್ದರೆ ಅಕ್ಕ ತಿರುಗಿ ಬೈಯುತ್ತಿದ್ದಳು. ವಿನಯಕ್ಕೆ ಏನು ಮಾಡುವುದು? ಅಂದಿನಿಂದ ಮನೆಯಲ್ಲಿ ಯಾರಾದರೂ ಕಸ ಗುಡಿಸುವಾಗ ಧೂಳು ಅಂದರೂ ಅವಳ ಮುಖ ಸಣ್ಣದಾಗುತ್ತಿತ್ತು.

ಆಮೇಲೆ ಅದೇ ಬಳಗದಿಂದ ಇನ್ನೊಂದು ಸುದ್ದಿ ಬಂತು. ಈ ಕಲ್ಲು ಒಂದು ನಕ್ಷತ್ರದ ಮುಂದೆ ಹಾದುಹೋಗಲಿದೆ. ಆ ಹೊತ್ತಿನಲ್ಲಿ ನಕ್ಷತ್ರದ ಬೆಳಕಿಗೆ ಕಲ್ಲು ಅಡ್ಡ ಬಂದು, ಅದರ ನೆರಳು ಒಮಾನ್ ದೇಶದ ಗುಡ್ಡಗಳ ಮೇಲೆ ಓಡಲಿದೆ. ಆ ಪಟ್ಟಿಯಲ್ಲಿ ನಿಂತವರಿಗೆ ನಕ್ಷತ್ರ ಕಣ್ಣು ಮಿಟುಕಿಸಿದಷ್ಟು ಹೊತ್ತು ಆರುತ್ತದೆ. ಮರಿ ಇದ್ದದ್ದೇ ಆದರೆ ಅದರ ನೆರಳೂ ಅಲ್ಲೇ ಎಲ್ಲೋ ಪಕ್ಕದಲ್ಲಿ ಓಡಬೇಕು. ನೀವೂ ಬನ್ನಿ ಎಂದು ಅವರು ಕರೆದರು. ದುರ್ಬೀನುಗಳು ಎಷ್ಟಿದ್ದರೂ ಸಾಲದು, ಇನ್ನೊಬ್ಬರನ್ನೂ ಕರೆತನ್ನಿ ಎಂದರು.

ಆ ಇನ್ನೊಬ್ಬರು ನಾನು.

ಮಸ್ಕತ್: ಹಿಂಡಿಯ ವಿಚಾರಣೆ

ನಮ್ಮ ಪೆಟ್ಟಿಗೆಯನ್ನು ಕಟ್ಟಿದ್ದು ನಾನು, ಹೀಗಾಗಿ ಮುಂದೆ ಆದದ್ದಕ್ಕೆಲ್ಲ ನಾನೇ ಹೊಣೆ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ದುರ್ಬೀನಿನ ಕೊಳವೆಗೆ ಪೆಟ್ಟಾಗದಿರಲಿ ಎಂದು ಅದರ ಎಡಬಲಕ್ಕೆ ಹಿಂಡಿಯ ಪೊಟ್ಟಣಗಳನ್ನು ಒತ್ತಿ ಇಟ್ಟಿದ್ದೆ. ಹಿಂಡಿ ಎಂದರೆ ರೊಟ್ಟಿಗೆ ನಂಚಿಕೊಳ್ಳುವ ಚಟ್ನಿಪುಡಿ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಹಿಂಡಿ. ವಿಮಾನ ನಿಲ್ದಾಣದ ಅಧಿಕಾರಿ ಮುಚ್ಚಳ ತೆಗೆದಾಗ ಅವನಿಗೆ ಕಂಡದ್ದು ಒಂದು ಉದ್ದನೆಯ ಲೋಹದ ಕೊಳವೆ, ಅದರ ಪಕ್ಕದಲ್ಲಿ ಬಿಗಿಯಾಗಿ ಕಟ್ಟಿದ ಕರೀ ಪುಡಿ.

ಅವನು ನಮ್ಮಿಬ್ಬರನ್ನೂ ನೋಡಿದ. ಇಬ್ಬರು ಹೆಂಗಸರು, ಇಳಕಲ್ ಸೀರೆ, ಕಾಲಲ್ಲಿ ಹೊಸ ಕ್ಯಾನ್ವಾಸ್ ಬೂಟು. ತನಗೆ ಗೊತ್ತಿದ್ದ ಹಿಂದಿಯಲ್ಲಿ, ಇದು ಏನು ಮಾಡಲಿಕ್ಕೆ ಎಂದು ಕೇಳಿದ. ಅಕ್ಕ ದುರ್ಬೀನಿನ ಬಗ್ಗೆ ಕೇಳಿದನೆಂದು ತಿಳಿದು, ನಕ್ಷತ್ರ ಆರುವುದನ್ನು ನೋಡಲಿಕ್ಕೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಬೆರಳು ತೋರಿಸಿದ್ದು ಗುರೆಳ್ಳಿನ ಪುಡಿಗೆ. ನಕ್ಷತ್ರ ಆರಿಸುವ ಪುಡಿ ಎಂದು ಅವನ ದಾಖಲೆಯಲ್ಲಿ ಸೇರುವ ಮುಂಚೆ ನಾನು ಮುಂದೆ ಬಂದೆ. ಕೈಚೀಲದಿಂದ ರೊಟ್ಟಿ ತೆಗೆದು, ಲಟಕ್ಕನೆ ಮುರಿದು, ಹಿಂಡಿ ಹಚ್ಚಿ ನಾನೊಂದು ತುತ್ತು ತಿಂದು ಅವನಿಗೊಂದು ತುಣುಕು ಚಾಚಿದೆ.

ತಿಂದ. ಕಣ್ಣಲ್ಲಿ ನೀರು ಬಂತು. ನೀರು ಕುಡಿದ. ಆಮೇಲೆ ಪಕ್ಕದ ಮೇಜಿನವನನ್ನು ಕರೆದು ಅವನಿಗೂ ಕೊಡು ಎಂದು ಸನ್ನೆ ಮಾಡಿದ. ನನಗೆ ಪರದೇಶದಲ್ಲಿ ಸಿಕ್ಕ ಮೊದಲ ಗಿರಾಕಿಗಳು ಅವರಿಬ್ಬರು. ನಮ್ಮನ್ನು ಬಿಟ್ಟ ಮೇಲೂ ದುರ್ಬೀನು ಹೇಗೆ ಕೆಲಸ ಮಾಡುತ್ತದೆ ಎಂದು ಯಾರೂ ಕೇಳಲಿಲ್ಲ ಎಂದು ಅಕ್ಕನಿಗೆ ಬೇಜಾರಾಯಿತು.

ಮಸ್ಕತ್: ನಿಂತ ಗಾಡಿ

ಮರುದಿನ ಬೆಳಿಗ್ಗೆ ನಾವು ರಸ್ತೆ ದಾಟಲು ನಿಂತೆವು. ಒಂದು ಗಾಡಿ ಬಂದು ನಮ್ಮೆದುರು ನಿಂತಿತು. ಅದು ಹೋಗಲಿ ಎಂದು ನಾವು ಕಾದೆವು. ಅದು ಹೋಗಲಿಲ್ಲ. ಪಾಪ, ಕೆಟ್ಟು ನಿಂತಿದೆ ಅಂದುಕೊಂಡು ನಾನು ಹತ್ತಿರ ಹೋಗಿ, ನೂಕಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಒಳಗಿದ್ದವನು ನಗುತ್ತಾ, ನೀವು ದಾಟಿ ಎಂದು ಕೈ ಬೀಸಿದ. ಕಾಲ್ನಡೆಯವರನ್ನು ಕಂಡು ಗಾಡಿ ನಿಲ್ಲುವುದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ನಮ್ಮ ಕಡೆ ಕಲ್ಲಿನ ಲಾರಿ ಎಮ್ಮೆಗೆ ಮಾತ್ರ ನಿಲ್ಲುತ್ತದೆ.

ಅಲ್ಲಿ ಗಾಡಿಗೆ ಧೂಳು ಮೆತ್ತಿದ್ದರೆ ಪೊಲೀಸರು ಬಯ್ಯುತ್ತಾರೆಂದು ಹೋಟೆಲಿನವರು ಹೇಳಿದರು. ನಿಜವೋ ಸುಳ್ಳೋ, ಕಂಡ ಗಾಡಿಗಳೆಲ್ಲ ಆಗತಾನೇ ಮಿಂದು ಬಂದಂತಿದ್ದವು. ಆ ಕಾನೂನು ನಮ್ಮ ವಾಡಿ ಜಂಕ್ಷನ್ನಿಗೆ ಬಂದರೆ ಮೊದಲು ಬೈಸಿಕೊಳ್ಳುವವರು ಪೊಲೀಸರೇ.

ಆ ದಿನ ನಮ್ಮ ಬಳಗದ ಮುಖ್ಯಸ್ಥನನ್ನು ಕಂಡೆವು. ಹೆಸರು ತೋಮಾಸ್. ತೆಳ್ಳಗೆ, ಎತ್ತರಕ್ಕೆ, ಹಸಿ ಗಜ್ಜರಿಯನ್ನು ಜೇಬಿನಲ್ಲಿಟ್ಟುಕೊಂಡು ಕಟುಮ್ ಕಟುಮ್ ಎಂದು ತಿನ್ನುತ್ತಾ ಮಾತಾಡುವ ಮನುಷ್ಯ. ಅಕ್ಕನ ಕೈ ಕುಲುಕಿ, "ಬೆಳಕಿನ ಏರಿಳಿತದ್ದೆಂದು ನೀವು ಕಳಿಸಿದ ಗೆರೆಗಳು ಚೆನ್ನಾಗಿವೆ, ಮೇಡಂ. ಆದರೆ ಧೂಳು ಕೂಡ ಚೆನ್ನಾದ ಗೆರೆ ಬರೆಯಬಲ್ಲದು," ಅಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅಕ್ಕನನ್ನು ಹೆಚ್ಚು ಚುಚ್ಚಿತು.

ಅವರ ಕೆಲಸದ ರೀತಿ ನನಗೆ ಕೂಡಲೇ ಅರ್ಥವಾಯಿತು, ಯಾಕೆಂದರೆ ಅದು ಕೂರಿಗೆಯದ್ದು. ಬಿತ್ತುವಾಗ ಕೂರಿಗೆಯ ಒಂದೊಂದು ತಾಳು ಒಂದೊಂದು ಸಾಲು ಎಳೆಯುತ್ತದೆ, ಒಂದು ಇನ್ನೊಂದರ ಸಾಲಿಗೆ ಹೋಗುವ ಹಾಗಿಲ್ಲ. ಹಾಗೆಯೇ ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ದೂರದೂರ ಕೂಡಬೇಕು. ನೆರಳು ಯಾರ ಯಾರ ಮೇಲೆ ಹಾದುಹೋಯಿತು ಎಂಬುದರಿಂದ ಕಲ್ಲಿನ ಆಕಾರ ತಿಳಿಯುತ್ತದೆ. ಜಾಗ ಬಿಟ್ಟು ಎದ್ದವರು ಎಲ್ಲರ ಬಿತ್ತನೆ ಕೆಡಿಸಿದಂತೆ. ಅಕ್ಕನಿಗೆ ನಟ್ಟನಡುವಿನ ಜಾಗ ಸಿಕ್ಕಿತು. ನನಗೆ ಉತ್ತರದ ತೀರಾ ಕೊನೆಯದು.

"ಅಲ್ಲಿ ಬಹುಶಃ ಏನೂ ಕಾಣುವುದಿಲ್ಲ," ಅಂದ ತೋಮಾಸ್. "ಏನೂ ಕಾಣಲಿಲ್ಲ ಎಂದು ಹೇಳಲಿಕ್ಕೂ ಒಬ್ಬರು ಬೇಕು."

ಈ ಹುದ್ದೆ ನನಗೆ ಹಿಡಿಸಿತು.

ಅಂದು ಸಂಜೆ ಹೋಟೆಲಿನ ಕೋಣೆಯಲ್ಲಿ ಅಕ್ಕ ನನಗೆ ಮತ್ತೆ ಮತ್ತೆ ಪಾಠ ಮಾಡಿಸಿದಳು. ಬಳಗದವರು ನನಗೆಂದು ಕೊಟ್ಟ ಸಣ್ಣ ದುರ್ಬೀನು ತಾನೇ ತಿರುಗಿ ನಕ್ಷತ್ರವನ್ನು ಹುಡುಕಿಕೊಳ್ಳುತ್ತದೆ. ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಪಕ್ಕದ ಡಬ್ಬಿ ಹೊತ್ತನ್ನೂ ಜಾಗವನ್ನೂ ತಾನೇ ಬರೆದುಕೊಳ್ಳುತ್ತದೆ.

"ಕೆಂಪು ಗುಂಡಿ ಒತ್ತು. ಒತ್ತಿದ ಮ್ಯಾಲ ಕೈ ಹಚ್ಚಬ್ಯಾಡ. ಸೀನು ಬಂದ್ರೂ ದೂರ ಹೋಗಿ ಸೀನು. ತಿಳೀತಾ?"

"ಶಾಲ್ಯಾಗಿನ ಹುಡಿಗ್ಯಾರು ನಿನ್ನ ಹ್ಯಾಂಗ ತಡಕೊಂಡ್ರು ಅಕ್ಕ?"

ಅಕ್ಕ ಚಹಾದ ಲೋಟ ಕೆಳಗಿಟ್ಟಳು. "ಸುವ್ವಿ, ಈ ಸಲ ಸಿಗಲಿಲ್ಲಂದ್ರ ನಾ ಬಿಡ್ತೀನಿ."

"ಏನು ಬಿಡ್ತಿ?"

"ಎಲ್ಲಾ. ದುರ್ಬೀನು ಯಾವುದರೆ ಶಾಲಿಗಿ ಕೊಟ್ಟು ಬಿಡ್ತೀನಿ. ಇಷ್ಟು ವರ್ಷ ನಾ ಧೂಳು ಅಳದೀನಿ ಅಂತ ಖರೇ ಆದ ಮ್ಯಾಲ ಮತ್ತ ಮಾಳಗಿ ಹ್ಯಾಂಗ ಹತ್ತಲಿ? ಇಂಥಾ ನೆರಳು ನಾ ಇರೂತನಕ ಮತ್ತ ಬರ್ತದೋ ಇಲ್ಲೋ."

ನನಗೆ ಅವಳ ಕಲ್ಲಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಭಾವ ತೀರಿಹೋದ ಮೇಲೆ ನಮ್ಮಕ್ಕನನ್ನು ಸಂಜೆಯಾದ ಕೂಡಲೇ ಎಬ್ಬಿಸಿ ಕೂಡಿಸುತ್ತಿದ್ದದ್ದು ಆ ಕಲ್ಲೊಂದೇ. ಅದು ಅವಳ ಕೈತಪ್ಪುವುದು ನನಗೆ ಬೇಡವಾಗಿತ್ತು.

ಗುಡ್ಡದ ದಾರಿ: ತಾಂಡೂರಿನ ಯೂಸುಫ್

ಮರುದಿನ ನನ್ನನ್ನು ನನ್ನ ಜಾಗಕ್ಕೆ ಕರೆದೊಯ್ಯಲು ಬಂದ ಡ್ರೈವರ್ ಯೂಸುಫ್ ಭಾಯಿ. ನನ್ನ ಮಾತು ಕೇಳಿ ಅವನು ಗಾಡಿ ನಿಲ್ಲಿಸಿಯೇ ಬಿಟ್ಟ, ಅಕ್ಕಾ ಎನ್ನುವ ಹಾಗೆ ಆಪಾ ಎಂದು ಕರೆದ.

"ಆಪಾ, ನೀವು ಯಾವ ಕಡೀರು?"

"ಶಹಾಬಾದ್."

"ಅರೇ! ನಂದು ತಾಂಡೂರ್ರಿ!"

ಸಮುದ್ರ ದಾಟಿ ಬಂದರೆ ಇಲ್ಲಿಯೂ ತಾಂಡೂರೇ. ಹೆಚ್ಚು ದೂರ ಹೋಗುವ ಮುಂಚೆಯೇ ಜಗಳ ಶುರುವಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಶಹಾಬಾದಿನಲ್ಲಿ ನೆಲದಿಂದ ಫರ್ಸಿ ತೆಗೆಯುತ್ತಾರೆ, ಮನೆಗೆ ಹಾಸುವ ಚಪ್ಪಡಿ ಕಲ್ಲು. ತಾಂಡೂರಿನಲ್ಲೂ ತೆಗೆಯುತ್ತಾರೆ. ಯಾವುದು ಹೆಚ್ಚು ಎಂಬ ವಾದ ಎರಡೂ ಊರಲ್ಲಿ ಹುಟ್ಟಿನಿಂದ ಬರುತ್ತದೆ.

"ನಿಮ್ಮ ಶಹಾಬಾದಿ ಫರ್ಸಿ ಬಿಸಲಿಗಿ ಪದರ ಬಿಡ್ತದ, ಆಪಾ. ನಮ್ಮದು ನೋಡ್ರಿ, ಹಳದಿ ಅಂದ್ರ ಹಳದಿ, ನೀಲಿ ಅಂದ್ರ ನೀಲಿ. ರೇಷ್ಮಿ ಇದ್ದಂಗ."

"ಯೂಸುಫ್ ಭಾಯಿ, ಭೂಮಿ ಒಳಗ ಎಲ್ಲಾ ಒಂದೇ ಪದರ. ಮ್ಯಾಲ ಬೋರ್ಡ್ ಅಷ್ಟೇ ಬ್ಯಾರೆ. ಸುಮ್ನ ಗಾಡಿ ಹೊಡೀರಿ."

ಹೊರಗೆ ಗುಡ್ಡಗಳು ಶುರುವಾದವು. ಇಂಥ ಗುಡ್ಡ ನಾನು ನೋಡಿರಲಿಲ್ಲ. ಚಿಂಚೋಳಿಯ ಕಡೆ ಚಂದ್ರಂಪಳ್ಳಿಗೆ ಹೋದರೆ ಗುಡ್ಡವೆಂದರೆ ಗಿಡ, ಗಿಡವೆಂದರೆ ಮಂಗ. ಇಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ದೇವರು ಕಲ್ಲು ಒಟ್ಟಿ, ಉಳಿದದ್ದನ್ನು ನಾಳೆ ಹಾಕಿದರಾಯಿತು ಎಂದು ಹೋಗಿ ಮರೆತಂತಿತ್ತು. ಒಣ ಹಳ್ಳಗಳಿಗೆ ಅಲ್ಲಿ ವಾಡಿ ಎನ್ನುತ್ತಾರೆ. ನಮ್ಮಲ್ಲೂ ಒಂದಿದೆ, ಅದರಲ್ಲಿ ರೈಲು ಹರಿಯುತ್ತದೆ ಎಂದೆ. ಯೂಸುಫ್ ಭಾಯಿ ಬಿದ್ದು ಬಿದ್ದು ನಕ್ಕ. ಊರಿನ ಹೆಸರು ಕೇಳಿಯೇ ಬಹಳ ದಿನವಾಗಿತ್ತೆಂದು ಕಾಣುತ್ತದೆ.

ಹಳ್ಳಿ: ಸಂಜೆಯ ಕಾಫಿ

ನನ್ನ ಜಾಗ ಗುಡ್ಡದ ಬುಡದ ಒಂದು ಹಳ್ಳಿಯ ಕೆಳಗಿತ್ತು. ಹಳ್ಳದ ದಂಡೆ, ಬರೀ ಉರುಟು ಹರಳು. ದುರ್ಬೀನಿನ ಮುಕ್ಕಾಲಿಯನ್ನು ಇಟ್ಟರೆ ಒಂದು ಕಾಲು ಇಳಿಯುತ್ತದೆ, ಅದನ್ನು ಎತ್ತಿದರೆ ಇನ್ನೊಂದು ಇಳಿಯುತ್ತದೆ. ಆಡುಗಳು ಬಂದು ಡಬ್ಬಿಯ ವೈರು ಮೂಸತೊಡಗಿದವು. ಹೊತ್ತು ಇಳಿಯುತ್ತಿತ್ತು. ಅಕ್ಕನಿಗೆ ಫೋನು ಹಚ್ಚೋಣವೆಂದರೆ ಆ ಗುಡ್ಡದ ಸಂದಿಯಲ್ಲಿ ಸಿಗ್ನಲ್ ಇಲ್ಲ.

ಆಗ ಮೇಲೆ, ಖರ್ಜೂರದ ತೋಟದ ಆಚೆ, ನನಗೆ ಚಪ್ಪಡಿಗಳು ಕಂಡವು. ಒಂದರ ಪಕ್ಕ ಒಂದು, ಅಗಲಕ್ಕೆ, ಸಮವಾಗಿ ಹಾಸಿದ ಕಲ್ಲು. ಶಹಾಬಾದಿನವಳಿಗೆ ಅದಕ್ಕಿಂತ ಹೆಚ್ಚೇನು ಬೇಕು? ನಮ್ಮಲ್ಲಿ ನೆಲ ಚಪ್ಪಡಿ, ಮಾಳಿಗೆ ಚಪ್ಪಡಿ, ಹೊಲದ ಬೇಲಿ ಚಪ್ಪಡಿ, ಬಟ್ಟೆ ಒಗೆಯುವುದು ಅದರ ಮೇಲೆ, ಹರಟೆಗೆ ಕೂಡುವುದೂ ಅದರ ಮೇಲೆ. ಹರಳಿನ ಮೇಲೆ ಕೆಲಸ ಮಾಡು ಎಂದರೆ ನಮ್ಮವರ ಕೈ ಓಡುವುದಿಲ್ಲ. ಎಲ್ಲವನ್ನೂ ಗಾಡಿಗೆ ಹೇರಿಸಿ, ತೋಟ ಸುತ್ತಿ, ಮೇಲಕ್ಕೆ ಹೋದೆ.

"ಆಪಾ, ಅವರು ಹೇಳಿದ ಜಾಗ ಅದಲ್ಲರಿ," ಅಂದ ಯೂಸುಫ್ ಭಾಯಿ.

"ಜಾಗ ಏನು ಓಡಿ ಹೋಗ್ತದೇನ್ರಿ? ಜರಾ ಮ್ಯಾಲ ಬಂದೀವಿ ಅಷ್ಟೇ."

"ಎಲ್ಲಿ ಕಲ್ಲು ಕಂಡ್ರೂ ಶಹಾಬಾದಿನೋರು ಕುಂತು ಬಿಡ್ತೀರಿ."

ಚಪ್ಪಡಿಗಳ ಕೆಳಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಅದು ಗುಡ್ಡದಿಂದ ತೋಟಗಳಿಗೆ ನೀರು ತರುವ ಹಳೆಯ ಕಾಲುವೆಯಂತೆ, ಅವರ ಮಾತಿನಲ್ಲಿ ಫಲಜ್. ಇರಲಿ ಎಂದು ಮುಕ್ಕಾಲಿ ಊರಿದೆ. ಕಲ್ಲು ಕದಲಲಿಲ್ಲ. ಸೂರ್ಯ ಮುಳುಗಿ ನಕ್ಷತ್ರಗಳು ಮೂಡಿದವು. ರಾತ್ರಿಯ ಬಾಂಗ್ ಕೇಳಿಸಿತು, ಯೂಸುಫ್ ಭಾಯಿ ನಮಾಜಿಗೆ ಹೋದ. ನಾನು ದುರ್ಬೀನು ಚಾಲೂ ಮಾಡಿ, ನಕ್ಷತ್ರ ಪರದೆಯ ಮೇಲೆ ಬಂದದ್ದನ್ನು ಖಾತ್ರಿ ಮಾಡಿಕೊಂಡು, ಕೆಂಪು ಗುಂಡಿ ಒತ್ತಿ, ಪಾಠ ಮಾಡಿಸಿದಂತೆ ದೂರ ಸರಿದು ಕೂತೆ.

ಅಷ್ಟರಲ್ಲಿ ತೋಟದಿಂದ ಒಬ್ಬ ಮುದುಕ, ಅವನ ಹಿಂದೆ ಅವನ ಹೆಂಡತಿ ಬಂದರು. ಅವನ ಹೆಸರು ಸೈದ್, ಅವಳದು ಶಂಸಾ ಎಂದು ಆಮೇಲೆ ತಿಳಿಯಿತು. ಮುದುಕ ದುರ್ಬೀನನ್ನು ನೋಡಿದ, ಅದು ತೋರಿದ ಕಡೆ ಆಕಾಶ ನೋಡಿದ, ಚಪ್ಪಡಿಯ ಕೆಳಗಿನ ನೀರನ್ನು ನೋಡಿದ. ಮುಖದಲ್ಲಿ ಗುಮಾನಿ. ಏನೋ ಕೇಳಿದ. ನನಗೆ ತಿಳಿಯಲಿಲ್ಲ, ನಕ್ಕೆ. ಅವನಿಗೆ ಗುಮಾನಿ ಹೆಚ್ಚಾಯಿತು. ಆದರೂ ಶಂಸಾ ಚಾಪೆ ಹಾಸಿ, ಖರ್ಜೂರ ಮುಂದಿಟ್ಟು, ಕೊಕ್ಕಿನ ಹೂಜಿಯಿಂದ ಒಂದು ಪುಟ್ಟ ಬಟ್ಟಲಿಗೆ ಕಾಫಿ ಸುರಿದಳು. ಗುಮಾನಿ ಬೇರೆ, ಆತಿಥ್ಯ ಬೇರೆ.

ಅದು ನಮ್ಮ ಕಾಫಿಯಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಘಮ. ಕುಡಿದೆ. ಬಟ್ಟಲು ಕೆಳಗಿಡುವ ಮುಂಚೆ ಶಂಸಾ ಮತ್ತೆ ಸುರಿದಳು. ಬಡಿಸಿದ್ದನ್ನು ಬಿಡಬಾರದು ಎಂದು ಕಲಿತವಳು ನಾನು, ಅದನ್ನೂ ಕುಡಿದೆ. ಮತ್ತೆ ಸುರಿದಳು. ನಮ್ಮಲ್ಲಿ ಸಾಕೆಂದು ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತೇವೆ. ಹಿಡಿದೆ. ಶಂಸಾ ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಸಂಕೋಚ ಬೇಡ ಎನ್ನುವಂತೆ ಮತ್ತೆ ಸುರಿದಳು. ಅಡ್ಡ ಬಂದ ಕೈ ಸರಿಸಿ ಬಡಿಸುವುದು ನಮ್ಮೂರಿನ ಹೆಂಗಸರ ಗುಣವೇ, ಬೇಡ ಎನ್ನಲು ಬಾಯೇ ಬರಲಿಲ್ಲ. ನನ್ನ ಹೊಟ್ಟೆಯೊಳಗೂ ಒಂದು ಫಲಜ್ ಹರಿಯತೊಡಗಿತು.

ನಮಾಜು ಮುಗಿಸಿ ಬಂದ ಯೂಸುಫ್ ಭಾಯಿ ದೂರದಿಂದಲೇ ಇದನ್ನು ಕಂಡು ಕೂಗಿದ: "ಆಪಾ, ಬಟ್ಟಲು ಅಲ್ಲಾಡಸ್ರಿ! ಅಲ್ಲಾಡಸೂತನಕ ಹಾಕ್ತಾನೇ ಇರ್ತಾರ್ರಿ!"

ನಾನು ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಕೂಡಲೇ ಶಂಸಾ ಹೂಜಿ ಕೆಳಗಿಟ್ಟು ನಕ್ಕಳು. ಅಬ್ಬಾ ಎಂದು ಉಸಿರು ಬಿಟ್ಟು ಗಡಿಯಾರ ನೋಡಿದರೆ, ನಕ್ಷತ್ರ ಆರಬೇಕಾದ ಗಳಿಗೆ ಆಗಲೇ ದಾಟಿತ್ತು. ಪರದೆಯ ಕಡೆ ನಾನು ಕಣ್ಣೆತ್ತಿಯೂ ನೋಡಿರಲಿಲ್ಲ.

ಯೂಸುಫ್ ಭಾಯಿ ಮುದುಕನ ಜೊತೆ ಮಾತಾಡಿ ನಗತೊಡಗಿದ. ಗಡಿಯಾರ ಇಲ್ಲದ ಕಾಲದಲ್ಲಿ ಈ ಹಳ್ಳಿಯವರು ಕಾಲುವೆಯ ನೀರನ್ನು ನಕ್ಷತ್ರ ನೋಡಿ ಹಂಚಿಕೊಳ್ಳುತ್ತಿದ್ದರಂತೆ. ಒಂದು ನಕ್ಷತ್ರ ಗುಡ್ಡದ ನೆತ್ತಿಗೆ ಬಂದರೆ ಒಬ್ಬರ ತೋಟದ ಪಾಳಿ ಮುಗಿಯಿತು, ಇನ್ನೊಬ್ಬರದು ಶುರು. ಒಂದೊಂದು ನಕ್ಷತ್ರವೂ ಒಂದೊಂದು ಮನೆಯ ಪಾಲು. ಈಗ ಎಲ್ಲರ ಕೈಯಲ್ಲಿ ಗಡಿಯಾರವಿದೆ. ಆದರೂ ಕಾಲುವೆಯ ಮೇಲೆ ಕೂತು ಯಂತ್ರ ಹಚ್ಚಿ ನಕ್ಷತ್ರ ನೋಡುವ ಪರದೇಶದ ಹೆಂಗಸು ಯಾರ ಪಾಳಿಗೆ ಕಲ್ಲು ಹಾಕಲು ಬಂದಿದ್ದಾಳೋ ಎಂದು ಸೈದ್ ಕಾವಲಿಗೆ ಬಂದಿದ್ದ.

ಗೆಸ್ಟ್‌ಹೌಸ್: ಊಟದ ಹೊತ್ತು

ಗುಡ್ಡದ ಕೆಳಗಿನ ಪಟ್ಟಣದ ಗೆಸ್ಟ್‌ಹೌಸಿನಲ್ಲಿ ಎಲ್ಲರೂ ಸೇರಿದೆವು. ಅಕ್ಕನಿಗೆ ನಕ್ಷತ್ರ ಆರಿದ್ದು ಕಂಡಿತ್ತು. ಉಳಿದವರಲ್ಲೂ ಹಲವರಿಗೆ ಕಂಡಿತ್ತು. ಆರಿದ್ದು ಒಮ್ಮೆ ಮಾತ್ರ, ದೊಡ್ಡ ಕಲ್ಲಿಗೆ. ಮರಿಯ ಸುಳಿವು ಯಾರಿಗೂ ಇಲ್ಲ. ತೋಮಾಸ್ ಎಲ್ಲರನ್ನೂ ಹೊಗಳಿ, ಅಕ್ಕನ ಕಡೆ ತಿರುಗಿ, "ಕ್ಷಮಿಸಿ, ಮೇಡಂ," ಅಂದ. ಅಷ್ಟೇ ಅಂದ.

ಆಮೇಲೆ ನನ್ನನ್ನು ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ: ಜಾಗ ಬಿಟ್ಟು ಮೇಲೆ ಹೋದದ್ದು, ಚಪ್ಪಡಿ, ಕಾಫಿ.

"ಹೇಳಿದ ಜಾಗದಾಗ ಕುಂದ್ರಲಿಕ್ಕಿ ಆಗಲಿಲ್ಲೇನು ನಿನಗ?" ಅಕ್ಕ ತಾಟು ಸರಿಸಿದಳು. "ಒಂದೇ ಒಂದು ಕೆಲಸ ಹೇಳಿದ್ದೆ, ಸುವ್ವಿ. ಒಂದೇ ಒಂದು."

ಅವಳು ಊಟ ಬಿಟ್ಟು ಎದ್ದು ಹೋದಳು. ನನ್ನ ಡಬ್ಬಿಯನ್ನು ಯಾರೂ ತೆರೆದು ನೋಡಲಿಲ್ಲ. ಮರಿ ಸಿಗದಿದ್ದದ್ದರಲ್ಲಿ ನನ್ನ ತಪ್ಪಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅವಳ ಕೊನೆಯ ಪ್ರಯತ್ನವನ್ನು ನಾನು ಹಗುರ ಮಾಡಿದೆ ಎಂದು ಅವಳಿಗೆ ಅನ್ನಿಸಿತಲ್ಲ, ಅದು ನೋಯಿಸಿತು.

ಗೆಸ್ಟ್‌ಹೌಸ್: ಮರುದಿನ ಬೆಳಿಗ್ಗೆ

ಅಕ್ಕ ಬಟ್ಟೆ ಮಡಚುತ್ತಿದ್ದಳು. ತೋಮಾಸ್ ಬಾಗಿಲು ತಟ್ಟಿದ. ಅವನ ಕೈಯಲ್ಲಿ ಗಜ್ಜರಿ ಇರಲಿಲ್ಲ, ಲ್ಯಾಪ್‌ಟಾಪ್ ಇತ್ತು. ಎಲ್ಲರ ಚಿತ್ರಗಳನ್ನೂ ಬಿಡದೆ ನೋಡುವುದು ತನ್ನ ನೇಮ, ನನ್ನ ಡಬ್ಬಿಯದನ್ನೂ ನೋಡಿದ್ದಾಗಿ ಹೇಳಿದ. ಮಂಚದ ಮೇಲೆ ಇಟ್ಟು ತೋರಿಸಿದ.

ಕರೀ ಪರದೆಯ ನಡುವೆ ನಮ್ಮ ನಕ್ಷತ್ರ, ಅಕ್ಕಪಕ್ಕ ಇನ್ನೂ ಕೆಲವು. ನಕ್ಷತ್ರ ಮಿನುಗುತ್ತಿತ್ತು. ಮಿನುಗುತ್ತಲೇ ಇತ್ತು. ಒಮ್ಮೆಲೇ ಇಲ್ಲವಾಯಿತು. 'ಅಯ್ಯೋ' ಅನ್ನುವಷ್ಟರಲ್ಲಿ ಮತ್ತೆ ಬಂತು.

"ಶಂಸಾ ಹೂಜಿ ಇಟ್ಟಿದ್ದಕ್ಕ ಕಲ್ಲು ಅಲ್ಲಾಡಿರಬೇಕು," ಎಂದು ನಾನು ಹೆದರಿ ಹೇಳಿದೆ. ಅಕ್ಕ ಅದನ್ನು ಇಂಗ್ಲಿಷ್ ಮಾಡಿದಳು.

ತೋಮಾಸ್ ತಲೆಯಾಡಿಸಿದ. "ಕಲ್ಲು ಅಲ್ಲಾಡಿದ್ದರೆ ಎಲ್ಲ ನಕ್ಷತ್ರಗಳೂ ಕುಣಿಯಬೇಕಿತ್ತು. ನೋಡಿ, ಉಳಿದವು ನಿಂತಲ್ಲೇ ನಿಂತಿವೆ. ಆರಿದ್ದು ಇದೊಂದೇ."

ನನ್ನ ಡಬ್ಬಿ ಬರೆದುಕೊಂಡಿದ್ದ ಜಾಗವನ್ನು ಅವನು ನಕ್ಷೆಯಲ್ಲಿ ಗುರುತಿಸಿದ. ನಕ್ಷತ್ರ ಆರಿದ್ದು ಕಂಡ ಉಳಿದವರ ಜಾಗಗಳಿಂದ ಎಳೆದ ಗೆರೆಗಳೆಲ್ಲ ದೊಡ್ಡ ಕಲ್ಲಿನ ಮೇಲೆ ಹಾದಿದ್ದವು. ನನ್ನದೊಂದೇ ದೂರದಲ್ಲಿ, ಒಂಟಿಯಾಗಿ, ಅಕ್ಕ ವರ್ಷಗಳ ಹಿಂದೆಯೇ ಲೆಕ್ಕ ಹಾಕಿ ಹೇಳಿದಷ್ಟೇ ದೂರದಲ್ಲಿತ್ತು. ಹಳ್ಳದ ದಂಡೆಯಲ್ಲಿ ಕೂತಿದ್ದರೆ ನೆರಳು ನನ್ನನ್ನು ಮುಟ್ಟದೆ ಹೋಗುತ್ತಿತ್ತು ಎಂದು ಅವನು ಬೆರಳಿನಿಂದ ತೋರಿಸಿದ.

"ಸಿಕ್ಕಿರುವುದು ಒಂದೇ ಗೆರೆ," ಅಂದ. "ಆದರೆ ನಿಮ್ಮ ಅಷ್ಟು ವರ್ಷಗಳ ಕೆಲಸದ ಪಕ್ಕಕ್ಕೆ ಇಟ್ಟರೆ ಇನ್ನು ಯಾರೂ ಧೂಳು ಎನ್ನಲಾರರು. ನಾನಂತೂ ಎನ್ನುವುದಿಲ್ಲ." ಎದ್ದು ನಿಂತು ಎರಡೂ ಕೈ ಚಾಚಿ ಅಕ್ಕನ ಕೈ ಹಿಡಿದ.

ಅಕ್ಕನಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹಾಕಿ ಎಂದಳು. ಮತ್ತೊಮ್ಮೆ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಕಣ್ಣಿಲೆ ನೋಡಿದೇನು, ಸುವ್ವಿ? ಆರಿದ್ದು?"

"ಇಲ್ಲಕ್ಕ. ನಾ ಬಟ್ಟಲು ಅಲ್ಲಾಡಸ್ಲಿಕತ್ತಿದ್ದೆ."

ಅವಳು ನನ್ನನ್ನೇ ದಿಟ್ಟಿಸಿದಳು. "ನನ್ನ ಮರಿ ನಿನ್ನ ತಲಿ ಮ್ಯಾಲ ಹಾದು ಹೋಗ್ಯದ. ನೀ ಕಾಫಿ ಕುಡಕೋತ ಕುಂತಿ." ಹೇಳುತ್ತಾ ಹೇಳುತ್ತಾ ನಗಲು ಶುರು ಮಾಡಿದಳು. ನಗು ನಿಲ್ಲಲಿಲ್ಲ, ಅಳುವಾಯಿತು. ನಾನೂ ಅತ್ತೆ. ತೋಮಾಸ್ ಏನು ಮಾಡುವುದೆಂದು ತಿಳಿಯದೆ ಜೇಬಿನಿಂದ ಗಜ್ಜರಿ ತೆಗೆದು ನಮ್ಮಿಬ್ಬರಿಗೂ ಒಂದೊಂದು ಕೊಟ್ಟ.

ಮತ್ತೆ ಹಳ್ಳಿ: ಚಪ್ಪಡಿಯ ಮೇಲೆ

ವಿಮಾನಕ್ಕೆ ಇನ್ನೂ ಹೊತ್ತಿತ್ತು. ಆ ಜಾಗ ನೋಡದೆ ಹೋಗುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಯೂಸುಫ್ ಭಾಯಿ ಕರೆದೊಯ್ದ.

ಹಗಲಲ್ಲಿ ಆ ಚಪ್ಪಡಿಗಳಲ್ಲಿ ವಿಶೇಷವೇನೂ ಇರಲಿಲ್ಲ. ಬೂದು ಬಣ್ಣದ ಕಲ್ಲು, ಮೇಲೊಂದಿಷ್ಟು ಆಡಿನ ಹಿಕ್ಕೆ. ಅಕ್ಕ ಬೂಟು ಬಿಚ್ಚಿ, ಬರಿಗಾಲಲ್ಲಿ ಅದರ ಮೇಲೆ ಹೋಗಿ ನಿಂತಳು.

"ಇಲ್ಲೇ ಏನು?"

"ಇಲ್ಲೇ."

ಅವಳು ತಲೆಯೆತ್ತಿ ಬಿಸಿಲಿನ ಆಕಾಶವನ್ನು ನೋಡಿದಳು, ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ನೋಡುತ್ತಲೇ ನಿಂತಳು. ಕಾಲ ಕೆಳಗೆ ನೀರು ಹರಿಯುತ್ತಿತ್ತು.

ಸೈದ್ ಮತ್ತು ಶಂಸಾ ನಮ್ಮನ್ನು ಕಂಡು ಬಂದರು. ಏನು ಸಿಕ್ಕಿತು ಎಂದು ಮುದುಕ ಕೇಳಿದ. ಅಕ್ಕ ಕನ್ನಡದಲ್ಲೇ ಹೇಳಿದಳು, ಯೂಸುಫ್ ಭಾಯಿ ಅರಬ್ಬಿಯಲ್ಲಿ ಹೇಳಿದ: ದೂರದಲ್ಲಿ ಒಂದು ಕಲ್ಲಿದೆ, ಅದರ ಸುತ್ತ ಒಂದು ಸಣ್ಣ ಕಲ್ಲು ತಿರುಗುತ್ತದೆ, ಅದರ ನೆರಳು ನಿನ್ನೆ ನಿಮ್ಮ ಕಾಲುವೆಯ ಮೇಲೆ ಬಿದ್ದು ಹೋಯಿತು. ಸೈದ್ ಗಂಭೀರವಾಗಿ ಕೇಳಿಸಿಕೊಂಡ. ಗಡ್ಡ ನೀವಿಕೊಂಡ. ಒಂದು ಪ್ರಶ್ನೆ ಕೇಳಿದ.

"ಏನಂತ್ರಿ?" ಅಂದಳು ಅಕ್ಕ.

ಯೂಸುಫ್ ಭಾಯಿ ನಗಲಿಲ್ಲ. "ಅದು ಯಾರ ಪಾಲಿಂದು ಅಂತ ಕೇಳ್ಲಿಕತ್ತಾರ್ರಿ, ಆಪಾ."

ಅಕ್ಕ ಇಷ್ಟು ವರ್ಷ ಅದನ್ನು ನಂಬರಿನಿಂದಲೇ ಕರೆದವಳು. ಬಳಗದವರಿಗೆ ಬರೆಯುವಾಗಲೂ 'ಇರಬಹುದು', 'ಕಾಣುತ್ತದೆ' ಎಂದೇ ಬರೆದವಳು. ಈಗ ಬರಿಗಾಲನ್ನು ಕಲ್ಲಿನ ಮೇಲೆ ಊರಿ, ಸೆರಗು ಸರಿಮಾಡಿಕೊಂಡು, ಮುದುಕನ ಮುಖ ನೋಡಿ ಹೇಳಿದಳು.

"ನಂದ್ರಿ. ಸೇಡಂ ನೀಲಮ್ಮಂದು."

ಯೂಸುಫ್ ಭಾಯಿ ಅದನ್ನು ಅರಬ್ಬಿಯಲ್ಲಿ ಹೇಳಿದ. ಸೈದ್, ಸರಿ, ಗೊತ್ತಾಯಿತು ಎಂಬಂತೆ ತಲೆಯಾಡಿಸಿದ.